ದಾರಿ ಯಾವ ಕಡೆಯಿಂದ?

ನಮ್ಮ ಸೀನಿಯರ್ ವಕೀಲಿ ನಿಲ್ಲಿಸಿ ಹತ್ತಿರ ಹತ್ತಿರ ಎರಡು ವರ್ಷವಾಗುತ್ತಾ ಬಂತು. ಆದರೂ ಸೋಮವಾರ ಬೆಳಿಗ್ಗೆ ಒಬ್ಬರಾದರೂ ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಇಣುಕಿ, "ಸಾಹೇಬ್ರು ಇಲ್ವೇನವ್ವಾ?" ಅಂತಾರೆ. ಇಲ್ಲ, ಈಗ ನಾನೇ ನೋಡ್ತಿರೋದು ಅಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಕಂಕುಳಲ್ಲಿದ್ದ ಪ್ಲಾಸ್ಟಿಕ್ ಕವರ್ ಬಿಚ್ಚುತ್ತಾರೆ. ಒಳಗೆ ಮಡಿಕೆ ಮಡಿಕೆಯಾಗಿ ಹರಿಯುವ ಹಂತಕ್ಕೆ ಬಂದ ಪಹಣಿ, ಯಾವುದೋ ಕಾಲದ ಪಾಲುಪಟ್ಟಿ, ಕಂದಾಯದ ರಸೀದಿಗಳು. ಆ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡಾಗ ನನ್ನ ಬಾಯಿಂದ ಹೊರಡುವ ಮೊದಲ ಪ್ರಶ್ನೆ ನಮ್ಮ ಸೀನಿಯರ್ ಅವರದೇ: "ಹೊಲಕ್ಕೆ ದಾರಿ ಯಾವ ಕಡೆಯಿಂದ?"

2006ರಲ್ಲಿ ನಾನು ಅವರ ಹತ್ತಿರ ಜೂನಿಯರ್ ಆಗಿ ಸೇರಿದಾಗ ಈ ಪ್ರಶ್ನೆಯ ಅರ್ಥ ಆಗಿರಲಿಲ್ಲ. ಕಾಲೇಜಿನಲ್ಲಿ ಓದಿದ್ದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಅದರ ಆರ್ಡರು, ರೂಲು. ಆರ್ಡರ್ 39ರಲ್ಲಿ ತಡೆಯಾಜ್ಞೆ, ಆರ್ಡರ್ 26ರಲ್ಲಿ ಕಮಿಷನರ್ ಎಂದು ಬಾಯಿಪಾಠ ಒಪ್ಪಿಸುವಷ್ಟು ಗೊತ್ತಿತ್ತು. ತುಮಕೂರು ಜಿಲ್ಲೆಯ ನಮ್ಮ ತಾಲ್ಲೂಕು ಕೋರ್ಟಿನಲ್ಲಿ ನಡೆಯುವ ದಾವೆಗಳಲ್ಲಿ ಮುಕ್ಕಾಲು ಪಾಲು ತೆಂಗಿನ ತೋಟ, ಬದು, ಬಾವಿ, ಅಣ್ಣತಮ್ಮಂದಿರು. ನಮ್ಮ ಸೀನಿಯರ್ ಬಂದ ಕಕ್ಷಿದಾರನಿಗೆ ಕಾನೂನಿನ ಮಾತೇ ಆಡುತ್ತಿರಲಿಲ್ಲ. ದಾರಿ ಎಲ್ಲಿಂದ, ನೀರು ಎಲ್ಲಿಂದ, ಬೇಲಿ ಕತ್ತಾಳೆಯದೋ ಕಲ್ಲಿನದೋ, ಪಕ್ಕದ ಹೊಲದವನ ಹತ್ತಿರ ಮಾತುಕತೆ ಇದೆಯೋ ಇಲ್ಲವೋ. ಅರ್ಧ ಗಂಟೆ ಹೀಗೇ. ನನಗೆ ಕಾಲಹರಣ ಅನ್ನಿಸುತ್ತಿತ್ತು. ಭಾನುವಾರ ಬಂದರೆ ಸ್ಕೂಟರ್ ತೆಗೆದು, "ನಡಿಯಮ್ಮ, ನೋಡ್ಕೊಂಡು ಬರೋಣ" ಎಂದು ಆ ಹೊಲಕ್ಕೇ ಹೊರಡುತ್ತಿದ್ದರು. ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ಎಲ್ಲೆ, ಕಾಗದದಲ್ಲಿ ಓದುವುದಕ್ಕೂ ಅದರ ನಾಲ್ಕು ಮೂಲೆಯಲ್ಲಿ ನಿಂತು ಬರುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಎಂಬುದು ನನಗೆ ಗೊತ್ತಾದದ್ದು ಅಟ್ಟದ ಕೇಸಿನಲ್ಲಿ.

ಆ ಕೇಸು ಹೀಗೆ. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ಅಣ್ಣ, ಊರಲ್ಲೇ ಇದ್ದ ದಾಯಾದಿ ತಮ್ಮನ ಮೇಲೆ ಶಾಶ್ವತ ತಡೆಯಾಜ್ಞೆ ಕೇಳಿ ದಾವೆ ಹಾಕಿದ್ದ. ಎರಡೂವರೆ ಎಕರೆ ತೆಂಗಿನ ತೋಟ ನನ್ನ ಸ್ವಾಧೀನದಲ್ಲಿದೆ, ವರ್ಷ ವರ್ಷ ಕಾಯಿ ಕೆಡವಿಸಿ ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹಾಕುತ್ತಿದ್ದೇನೆ, ಇವನು ಬಂದು ಅಡ್ಡಿ ಮಾಡುತ್ತಿದ್ದಾನೆ ಎಂದು. ಪಹಣಿಯ ಕಾಲಂನಲ್ಲಿ ಅವನದೇ ಹೆಸರು. ನಮ್ಮ ಕಕ್ಷಿದಾರ ಆ ತಮ್ಮ. ಕೈಯಲ್ಲಿ ಒಂದು ಕಾಗದವೂ ಇಲ್ಲ. ಇಂಥ ದಾವೆಯಲ್ಲಿ ಗೆಲ್ಲಬೇಕಾದವನು ದಾವೆ ಹಾಕಿದ ದಿನ ಸ್ವಾಧೀನದಲ್ಲಿ ಇದ್ದವನು. ಪಹಣಿಯ ನಮೂದು ನಿಜವೆಂದೇ ಕೋರ್ಟು ಮೊದಲು ಭಾವಿಸುತ್ತದೆ. ಅದು ಸುಳ್ಳು ಎನ್ನುವವನು ತೋರಿಸಬೇಕು. ನಾನು ಕೈಚೆಲ್ಲಿದ್ದೆ.

ಪಾಟಿ ಸವಾಲಿನ ದಿನ, ಅಂದರೆ ಎದುರು ಕಕ್ಷಿಯನ್ನು ನಾವು ಪ್ರಶ್ನಿಸುವ ದಿನ, ಸೀನಿಯರ್ ಎದ್ದು ನಿಂತು ಪಹಣಿಯ ವಿಷಯವನ್ನೇ ಎತ್ತಲಿಲ್ಲ. ದನಿ ಎತ್ತರಿಸುವ ಅಭ್ಯಾಸ ಅವರಿಗೆ ಇರಲೇ ಇಲ್ಲ. ಎಷ್ಟು ದಿನಕ್ಕೊಮ್ಮೆ ಕಾಯಿ ಕೆಡವಿಸುತ್ತೀರಿ ಎಂದರು. ಕೆಡವಿದ ಕಾಯಿ ಎಳನೀರಿಗೆ ಕೊಡುತ್ತೀರೋ ಕೊಬ್ಬರಿ ಮಾಡುತ್ತೀರೋ ಎಂದರು. ಕೊಬ್ಬರಿಯೇ ಸ್ವಾಮಿ, ಉಂಡೆ ಕೊಬ್ಬರಿ ಎಂದು ವಾದಿ ಹೆಮ್ಮೆಯಿಂದಲೇ ಹೇಳಿದ. ನಮ್ಮ ಸೀಮೆಯವರಿಗೆ ಗೊತ್ತು, ಉಂಡೆ ಕೊಬ್ಬರಿ ಬಿಸಿಲಿಗೆ ಹರವಿ ನಾಲ್ಕು ದಿನಕ್ಕೆ ಆಗುವ ಪದಾರ್ಥವಲ್ಲ. ಸಿಪ್ಪೆ ಸಮೇತ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಡಬೇಕು. ಒಳಗಿನ ನೀರು ಇಂಗಿ, ಕಾಯಿ ಅಲ್ಲಾಡಿಸಿದರೆ ಗಿಟಕು ಗಡಗಡ ಎನ್ನಬೇಕು. ಆಮೇಲೆ ಸುಲಿಯುವುದು.

"ಕಾಯಿ ಎಲ್ಲಿ ಇಡ್ತೀರಿ?"

"ಅಟ್ಟದ ಮೇಲೆ."

"ಅಟ್ಟ ಎಲ್ಲಿದೆ?"

ಆತ ಹಳೇ ಮನೆಯಲ್ಲಿ ಎಂದ. ಆ ಮನೆಯ ಸೂರು ಬಿದ್ದು ಎಷ್ಟು ವರ್ಷವಾಯಿತು ಎಂದು ಇವರು ಕೇಳಿದರು. ವಾದಿ ತನ್ನ ವಕೀಲರ ಕಡೆ ನೋಡಿದ. ನೀರು ಕುಡಿದ. ಏಳೆಂಟು ವರ್ಷ ಆಗಿರಬಹುದು ಎಂದ. ಬೇರೆ ಅಟ್ಟ ಇದೆಯೇ ಎಂದರೆ ಇಲ್ಲ ಎಂದ. ಅಷ್ಟೇ, ಇವರು "ಆಯ್ತು" ಎಂದು ಕೂತುಬಿಟ್ಟರು. ನಾನು ಪಕ್ಕದಿಂದ, ಹಾಗಾದರೆ ಕೊಬ್ಬರಿ ಮಾಡಿದ್ದೇ ಸುಳ್ಳು ಅಲ್ಲವೇ ಎಂದು ಕೇಳಿ ಸರ್ ಎಂದು ಪಿಸುಗುಟ್ಟಿದೆ. ಅವರು ತಲೆ ಅಲ್ಲಾಡಿಸಿದರು. ಆ ಪ್ರಶ್ನೆ ಕೇಳಿದ್ದರೆ ಆತ ಏನೋ ಒಂದು ಸಮಜಾಯಿಷಿ ಹುಡುಕಿ ಹೇಳುತ್ತಿದ್ದ. ಹೇಳಿದ್ದು ಹೇಳಿದಂತೆ ಟೈಪಾಗಿ ಅಲ್ಲಿಗೇ ನಿಂತಿತು, ತೀರ್ಪಿನಲ್ಲಿ ಆ ಎರಡು ಸಾಲು ಹಾಗೇ ಬಂತು. ಹಿಂದಿನ ಭಾನುವಾರ ನಾವು ತೋಟ ನೋಡಿ ವಾಪಸು ಬರುವಾಗ ಅವರು ಆ ಪಾಳು ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿ ಎರಡು ನಿಮಿಷ ನೋಡುತ್ತಾ ನಿಂತಿದ್ದರು. ಯಾಕೆ ನಿಂತರೆಂದು ನಾನು ಕೇಳಿರಲಿಲ್ಲ.

ಸಿವಿಲ್ ದಾವೆಯಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗಬೇಕು ಎಂಬ ನಿಯಮ ಇಲ್ಲ. ತಕ್ಕಡಿ ಯಾವ ಕಡೆ ಒಂದಿಷ್ಟು ಹೆಚ್ಚು ತೂಗುತ್ತದೋ ಆ ಕಡೆ ತೀರ್ಪು. ಆ ಒಂದಿಷ್ಟನ್ನು ಅವರು ಬದುಕಿನಿಂದ ಹೆಕ್ಕಿ ತರುತ್ತಿದ್ದರು, ಸಾಕ್ಷಿಯ ನಾಲಿಗೆಯ ಮೇಲಿನ ಮಾತಿನಿಂದಲೇ ತರುತ್ತಿದ್ದರು. 2002ರ ಜುಲೈ ತಿಂಗಳಿಂದ ಸಾಕ್ಷಿಯ ಮುಖ್ಯ ವಿಚಾರಣೆಯನ್ನು, ಅಂದರೆ ಅವನದೇ ಕಡೆಯ ವಕೀಲ ಕೇಳಿ ಹೇಳಿಸುವ ಮಾತನ್ನು, ಪ್ರಮಾಣಪತ್ರದ ಮೂಲಕವೇ ಕೊಡುವ ಪದ್ಧತಿ ಬಂತು. ಸಮಯ ಉಳಿಯಿತು, ನಿಜ. ಆದರೆ ಅದನ್ನು ಬರೆಯುವುದು ವಕೀಲ, ಸಾಕ್ಷಿ ರುಜು ಹಾಕುತ್ತಾನೆ. ಹಳ್ಳಿಯ ಮುದುಕನ ಪ್ರಮಾಣಪತ್ರದಲ್ಲಿ "ಅನುಸೂಚಿತ ಸ್ವತ್ತಿನ ನಿರಂತರ ಸ್ವಾಧೀನಾನುಭವ" ಇರುತ್ತದೆ. ಆತನನ್ನೇ ಬಾಯಿಬಿಟ್ಟು ಕೇಳಿದರೆ "ನೋಡ್ಕೊಂತಿದ್ದ" ಅಂತಾನೆ. ನೋಡಿಕೊಳ್ಳುವುದು ಬೇರೆ, ಸ್ವಾಧೀನ ಬೇರೆ. ಆಳೂ ನೋಡಿಕೊಳ್ಳುತ್ತಾನೆ, ಅಳಿಯನೂ ನೋಡಿಕೊಳ್ಳುತ್ತಾನೆ. ಹೇಳಿಕೆ ಟೈಪಾಗುವಾಗ ಆ ಮಾತು ಇನ್ನೊಂದಾಗಿ ಬದಲಾಗಲು ಹೊರಟರೆ ಮಾತ್ರ ನಮ್ಮ ಸೀನಿಯರ್ ಎದ್ದು, "ಸ್ವಾಮಿ, ಸಾಕ್ಷಿ ಆಡಿದ ಮಾತೇ ಬರಲಿ, ಕನ್ನಡದಲ್ಲೇ ಬರಲಿ" ಎಂದು ಕೈಮುಗಿಯುತ್ತಿದ್ದರು. ಎದುರು ಸಾಕ್ಷಿಯ ಮಾತಾದರೂ ಅಷ್ಟೇ, ತಮ್ಮ ಸಾಕ್ಷಿಯ ಮಾತಾದರೂ ಅಷ್ಟೇ. ತಮ್ಮ ಸಾಕ್ಷಿಯ ಮಾತಿನಿಂದ ತಮಗೇ ನಷ್ಟವಾದದ್ದನ್ನೂ ನಾನು ಕಂಡಿದ್ದೇನೆ.

ಅವರು ವಕೀಲಿಯ ಸನ್ನದು ಪಡೆದದ್ದು 1978ರಲ್ಲಿ. ಭೂಸುಧಾರಣೆಯ ಕಾಲ. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದ್ದವು. ಉಳುತ್ತಿದ್ದವನು ಫಾರಂ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ತನ್ನ ಗೇಣಿ ತೋರಿಸಿದರೆ ಜಮೀನು ಅವನದು. ಅರ್ಜಿಗೆ ಕಡೆಯ ದಿನ ಮುಂದಕ್ಕೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ಕ್ಕೆ ಬಂದು ನಿಂತಿತ್ತು. ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂದು ಆಗ ಕಾಯ್ದೆಯಲ್ಲೇ ಇತ್ತು. ಹಾಗಾಗಿ ಫೀಸಿನ ಮಾತೇ ಇಲ್ಲ. ಹೊಸ ಕರಿಕೋಟು ಮನೆಯಲ್ಲಿ ತೂಗುಹಾಕಿ ಇವರು ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕೂತು ಓದುಬರಹ ಬಾರದವರಿಗೆ ಫಾರಂ ತುಂಬಿಕೊಡುತ್ತಿದ್ದರಂತೆ. ಸ್ವಂತ ಚಿಕ್ಕಪ್ಪನ ಜಮೀನಿನ ಗೇಣಿದಾರರೂ ಅಲ್ಲಿಗೇ ಬಂದರು. ಅವರಿಗೂ ಬರೆದುಕೊಟ್ಟರು. ಚಿಕ್ಕಪ್ಪನ ಮನೆಯವರು ಹತ್ತು ವರ್ಷ ಇವರ ಮನೆಯ ಹೊಸಲು ತುಳಿಯಲಿಲ್ಲ. ಇದನ್ನು ನನಗೆ ಹೇಳಿದ್ದು ಅವರಲ್ಲ, ಅವರ ಮನೆಯವರು, ಒಂದು ಯುಗಾದಿಯ ದಿನ ಒಬ್ಬಟ್ಟು ಬಡಿಸುತ್ತಾ.

ಆ ಜಗಲಿಯಿಂದಲೇ ಅವರ ವಕೀಲಿ ಬೆಳೆಯಿತು ಎಂದು ನನ್ನ ಲೆಕ್ಕ. ಫಾರಂ ಬರೆಸಿಕೊಂಡವರ ಮಕ್ಕಳು ಪಾಲಿನ ದಾವೆಗೆ ಬಂದರು, ಮೊಮ್ಮಕ್ಕಳು ಸೈಟಿನ ಕ್ರಯಪತ್ರ ತೋರಿಸಲು ಬಂದರು. ತಾಲ್ಲೂಕು ಕೋರ್ಟಿನಲ್ಲಿ ಒಬ್ಬ ವಕೀಲ ಗೆದ್ದಿದ್ದಾನೆ ಎಂದು ತಿಳಿಯುವುದಕ್ಕೆ ನನಗೆ ಗೊತ್ತಿರುವ ಗುರುತು ಒಂದೇ: ಅವನ ಎದುರು ಸೋತ ಕಕ್ಷಿದಾರ ಮುಂದಿನ ಕೇಸಿಗೆ ಅವನನ್ನೇ ಹುಡುಕಿಕೊಂಡು ಬರಬೇಕು. ಅಟ್ಟದ ಕೇಸಿನ ಆ ಅಣ್ಣ ನಾಲ್ಕು ವರ್ಷದ ಮೇಲೆ ನಮ್ಮ ಆಫೀಸಿಗೇ ಬಂದ.

ಊರಿನ ಕೆಲಸ ಎಂದು ಅವರು ಬೇರೆ ಏನನ್ನೂ ಕರೆಯುತ್ತಿರಲಿಲ್ಲ. ನಮ್ಮ ಕಡೆ ಎಷ್ಟೋ ಸರ್ಕಾರಿ ಶಾಲೆಗಳು ನಿಂತಿರುವುದು ಯಾರೋ ಪುಣ್ಯಾತ್ಮರು ಐವತ್ತು ಅರವತ್ತು ವರ್ಷದ ಹಿಂದೆ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗದಲ್ಲಿ. ಸ್ಥಿರಾಸ್ತಿಯ ದಾನ ನೋಂದಣಿಯಾದ ಪತ್ರದಲ್ಲೇ ಆಗಬೇಕು, ಇಬ್ಬರು ಸಾಕ್ಷಿಗಳ ರುಜು ಬೇಕು ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳುತ್ತದೆ. ಕೊಟ್ಟ ಹಿರಿಯ ಇರುವ ತನಕ ಯಾರೂ ಕೇಳುವುದಿಲ್ಲ. ಆತ ಹೋಗಿ, ಊರಿನ ಪಕ್ಕ ಹೆದ್ದಾರಿ ಬಂದು, ಗುಂಟೆಗೆ ಬೆಲೆ ಏರಿದಾಗ ಮೊಮ್ಮಕ್ಕಳು ಬೇಲಿ ಹಾಕಲು ಬರುತ್ತಾರೆ. ಇಂಥ ಎರಡು ಶಾಲೆಗಳ ಕೇಸು ನಡೆಸಿದ ಮೇಲೆ ಇವರು ಕೇಸು ಬರುವ ತನಕ ಕಾಯುವುದನ್ನು ಬಿಟ್ಟರು. ಹೆಡ್‌ಮಾಸ್ಟರ ಹತ್ತಿರ ಕೂತು ಶಾಲೆಯ ಜಾಗ ಯಾವ ಸರ್ವೆ ನಂಬರಿನಲ್ಲಿದೆ, ಕೊಟ್ಟವರ ಮನೆತನ ಯಾವುದು ಎಂದು ಬರೆದುಕೊಳ್ಳುವುದು. ಆ ಮನೆಗೆ ಹೋಗಿ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಅಜ್ಜನ ದೊಡ್ಡತನ ನೆನೆಯುವುದು. ಮನೆಯ ಹಿರಿಯರು ಗಟ್ಟಿಯಾಗಿರುವಾಗಲೇ ಎಲ್ಲ ವಾರಸುದಾರರನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದೊಯ್ದು ಇಲಾಖೆಯ ಹೆಸರಿಗೆ ದಾನಪತ್ರ ಬರೆಸುವುದು. ಒಂದೊಂದು ಪತ್ರಕ್ಕೂ ವರ್ಷ ಹಿಡಿದದ್ದುಂಟು. ಒಬ್ಬ ವಾರಸುದಾರ ಮುಂಬೈಯಲ್ಲಿ ಹೋಟೆಲಿನಲ್ಲಿದ್ದಾನೆ, ಇನ್ನೊಬ್ಬಳು ಅಣ್ಣನ ಮೇಲಿನ ಸಿಟ್ಟಿಗೆ ರುಜು ಹಾಕುವುದಿಲ್ಲ. ಸಮಾರಂಭವಿಲ್ಲ, ಫೋಟೊ ಇಲ್ಲ. ಪತ್ರದ ಕೊನೆಯಲ್ಲಿ ಬರೆದವರು ಎಂಬ ಜಾಗದಲ್ಲಿ ಅವರ ಸೀಲು, ಅಷ್ಟೆ. ಸನ್ಮಾನಕ್ಕೆ ಕರೆದರೆ ಹೋಗುತ್ತಿರಲಿಲ್ಲ ಎಂಬುದನ್ನು ದೊಡ್ಡ ಗುಣವೆಂದು ನಾನು ಹೇಳುವುದಿಲ್ಲ. ಹೋಗಬೇಕಿತ್ತು, ಜೂನಿಯರ್‌ಗಳಿಗೆ ಈ ಕೆಲಸ ಇದೆ ಎಂದಾದರೂ ಗೊತ್ತಾಗುತ್ತಿತ್ತು.

ಕಾನೂನು ಅರಿವು ಶಿಬಿರಗಳಿಗೆ ಮಾತ್ರ ತಪ್ಪದೆ ಹೋಗುತ್ತಿದ್ದರು. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ, ವಕೀಲರನ್ನು ತಾಲ್ಲೂಕು ಸಮಿತಿಯೇ ಕೊಡುತ್ತದೆ ಎಂಬ ಒಂದೇ ವಿಷಯವನ್ನು ಮೂರು ಸಲ ಹೇಳಿ ಇಳಿಯುತ್ತಿದ್ದರು.

ಈಗ ಬರೆಯಲು ಕಷ್ಟವಾಗುವ ಸಂಗತಿಗೆ ಬರುತ್ತೇನೆ. ಅವರು ರಾಜಿಯನ್ನು ಬಹಳ ನಂಬಿದ್ದರು. ಲೋಕ ಅದಾಲತ್ತಿನಲ್ಲಿ ಕೇಸು ಮುಗಿದರೆ ಕೋರ್ಟು ಫೀಸು ವಾಪಸು ಬರುತ್ತದೆ, ತೀರ್ಪಿಗೆ ಡಿಕ್ರಿಯ ಬಲ ಇರುತ್ತದೆ, ಮೇಲ್ಮನವಿ ಇಲ್ಲ. ಮೇಲ್ಮನವಿ ಇಲ್ಲ ಎನ್ನುವುದನ್ನು ಅವರು ಅದರ ದೊಡ್ಡ ಲಾಭ ಎಂದೇ ಹೇಳುತ್ತಿದ್ದರು. ಜಗಳ ಮಕ್ಕಳ ಕಾಲಕ್ಕೆ ಹೋಗುವುದಿಲ್ಲ. 2009ರಲ್ಲಿ ಒಬ್ಬ ಹೆಣ್ಣುಮಗಳ ಪಾಲಿನ ದಾವೆ ನಮ್ಮ ಆಫೀಸಿನಲ್ಲಿತ್ತು. ಅಣ್ಣಂದಿರು ಊರಿನ ಹಿರಿಯರನ್ನು ಕರೆದುಕೊಂಡು ಬಂದರು. ಅರಿಶಿನ ಕುಂಕುಮಕ್ಕೆಂದು ಅರವತ್ತು ಸಾವಿರ ಕೊಡುತ್ತೇವೆ, ಪಾಲು ಬಿಡಲಿ ಎಂದರು. ಆಕೆ ತಲೆ ಬಗ್ಗಿಸಿ ಕೂತಿದ್ದಳು. ನಮ್ಮ ಸೀನಿಯರ್ ಆಕೆಯ ವಕೀಲರು. ಅವರೇ ಹೇಳಿದರು: "ಒಪ್ಕೊಳ್ಳಮ್ಮಾ, ತವರು ಉಳಿಯುತ್ತೆ." ಆಕೆ ಒಪ್ಪಿದಳು. ರಾಜಿ ಅರ್ಜಿ ಬರೆದದ್ದು ನಾನು.

ಎರಡು ವರ್ಷದಲ್ಲಿ ಆಕೆಯ ಗಂಡ ತೀರಿಕೊಂಡ. ಗಂಡನ ಮನೆಯಲ್ಲಿ ನೆಲೆ ಇಲ್ಲ, ತವರಿನ ಬಾಗಿಲು ತೆರೆಯಲಿಲ್ಲ. ಆಫೀಸಿಗೆ ಬಂದು, ಏನಾದರೂ ಮಾಡೋಕಾಗುತ್ತಾ ಸಾಹೇಬ್ರೇ ಎಂದಳು. ಏನೂ ಮಾಡುವ ಹಾಗಿರಲಿಲ್ಲ. ಅವರು ಆ ರಾಜಿ ಅರ್ಜಿಯ ನಕಲನ್ನು ತರಿಸಿ, ಆಕೆಯ ರುಜುವಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಆಕೆ ಹೋದ ಮೇಲೆ ನನ್ನ ಸಂಕಟ ತಡೆಯದೆ ಹೇಳಿಬಿಟ್ಟೆ: "ಸರ್, ಅವತ್ತು ಆಯಮ್ಮನ್ನ ಒಂಟಿಯಾಗಿ ಒಂದು ಮಾತು ಕೇಳ್ಬೇಕಿತ್ತು. ಅಷ್ಟೊಂದು ಗಂಡಸರ ಮಧ್ಯೆ ಅವಳು ಬೇಡ ಅನ್ನೋದು ಹೇಗೆ?" ಜೂನಿಯರ್ ಆಡುವ ಮಾತಲ್ಲ ಅದು. ಅವರು ಬೈಯಲಿಲ್ಲ. "ಹೌದು ಕಣಮ್ಮ, ತಪ್ಪು ನಂದು" ಎಂದರು.

ಅಲ್ಲಿಂದ ಮುಂದೆ ನಮ್ಮ ಆಫೀಸಿನಲ್ಲಿ ಒಂದು ಕಟ್ಟಳೆ ಬಂತು. ಹೆಣ್ಣುಮಕ್ಕಳು ಪಾಲು ಬಿಡುವ ಯಾವ ರಾಜಿಯೂ, ಹಕ್ಕುಬಿಡುಗಡೆ ಪತ್ರವೂ ಮೊದಲ ದಿನ ಬರೆಯುವಂತಿಲ್ಲ. ಆಕೆಯನ್ನು ಹಿತ್ತಲಿನ ಹೊಂಗೆ ಮರದ ಕೆಳಗೆ ಕೂರಿಸಿ ನಾನು ಒಬ್ಬಳೇ ಮಾತಾಡಬೇಕು. ಪಾಲು ಎಷ್ಟು ಗುಂಟೆ, ಇವತ್ತಿನ ಬೆಲೆ ಎಷ್ಟು, ಅದರಲ್ಲಿ ಎಷ್ಟು ಮರ ಎಂದು ಲೆಕ್ಕ ಹೇಳಬೇಕು. ಹತ್ತು ದಿನ ಬಿಟ್ಟು ಬರಲು ಹೇಳಬೇಕು. ಆಮೇಲೂ ಬಿಡುತ್ತೇನೆ ಎಂದರೆ ಅವಳಿಷ್ಟ. ಬಿಟ್ಟವರೂ ಇದ್ದಾರೆ, ಸಂತೋಷವಾಗಿಯೇ. ಈ ಕಟ್ಟಳೆಯಿಂದ ಹಲವು ಕೇಸು ನಮ್ಮ ಕೈಬಿಟ್ಟು ಹೋದವು. ಅವಸರದ ಅಣ್ಣತಮ್ಮಂದಿರು ಬೇರೆ ಆಫೀಸು ಹಿಡಿದರು.

ಅವರು ಕಡೆಯದಾಗಿ ನಡೆಸಿದ ಕೇಸು ಕೂಡ ಒಬ್ಬ ಹೆಣ್ಣುಮಗಳದ್ದೇ. 3 ಎಕರೆ 24 ಗುಂಟೆ, ಅಂದರೆ 144 ಗುಂಟೆ. ಇಬ್ಬರು ಅಣ್ಣಂದಿರು, ಈಕೆ ಒಬ್ಬಳು ತಂಗಿ. ಮದುವೆಯಾದದ್ದು 1985ರಲ್ಲಿ, ತಂದೆ ತೀರಿಕೊಂಡದ್ದು 1996ರಲ್ಲಿ. ಮಗಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಎಂದು ಕರ್ನಾಟಕ 1994ರಲ್ಲೇ, ದೇಶಕ್ಕಿಂತ ಹನ್ನೊಂದು ವರ್ಷ ಮೊದಲೇ ಕಾನೂನು ಮಾಡಿತ್ತು. ಆದರೆ ಆ ವರ್ಷದ ಜುಲೈ 30ಕ್ಕೆ ಮುಂಚೆ ಮದುವೆಯಾದವರಿಗೆ ಅದು ಇಲ್ಲ. ಹೀಗಾಗಿ 2003ರ ಪ್ರಾಥಮಿಕ ಡಿಕ್ರಿಯಲ್ಲಿ, ಅಂದರೆ ಯಾರಿಗೆ ಎಷ್ಟು ಪಾಲು ಎಂದಷ್ಟೇ ಹೇಳುವ ಆದೇಶದಲ್ಲಿ, ತಂದೆ ಮತ್ತು ಇಬ್ಬರು ಗಂಡುಮಕ್ಕಳಿಗೆ ಸಮ ಪಾಲು ಹಾಕಿ, ಈಕೆಗೆ ಬಂದದ್ದು ತಂದೆಯ ಮೂರನೇ ಒಂದು ಭಾಗದಲ್ಲಿ ಮೂರನೇ ಒಂದು. ಒಟ್ಟಿನಲ್ಲಿ ಒಂಬತ್ತನೇ ಒಂದು, 16 ಗುಂಟೆ. ಅಣ್ಣಂದಿರಿಗೆ ತಲಾ 64. 2005ರ ಸೆಪ್ಟೆಂಬರ್ 9ರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರದ ತಿದ್ದುಪಡಿ ಬಂತು, ಮದುವೆಯ ತಡೆ ಹೋಯಿತು. ಆ ದಿನ ತಂದೆ ಬದುಕಿರಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿದಾಗ ಆಕೆ ಮತ್ತೆ ಆಸೆ ಬಿಟ್ಟಳು. ಈ ನಡುವೆ ಒಬ್ಬ ಅಣ್ಣ ಸತ್ತು, ಅವನ ವಾರಸುದಾರರನ್ನು ತರುವುದರಲ್ಲಿ, ಅಳತೆಯ ತಕರಾರಿನಲ್ಲಿ, ಪಾಲನ್ನು ನೆಲದ ಮೇಲೆ ಬೇರೆ ಮಾಡಿಸುವ ಅಂತಿಮ ಡಿಕ್ರಿಯ ಅರ್ಜಿ ವಾಯಿದೆಯ ಮೇಲೆ ವಾಯಿದೆ ತಿನ್ನುತ್ತಾ ಬಿದ್ದಿತ್ತು. ಆ ವಿಳಂಬಕ್ಕೆ ನಾವು ಎಷ್ಟು ಶಪಿಸಿದ್ದೆವೋ. ಕಡೆಗೆ ಅದೇ ಆಕೆಯನ್ನು ಕಾಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ತಂದೆ ಬದುಕಿರಬೇಕಾಗಿಲ್ಲ, ಅಂತಿಮ ಡಿಕ್ರಿ ಆಗಿಲ್ಲದಿದ್ದರೆ ಪ್ರಾಥಮಿಕ ಡಿಕ್ರಿಯ ಪಾಲನ್ನೂ ಬದಲಿಸಬಹುದು ಎಂದಿತು. ಕೊರೊನಾದ ದಿನಗಳು, ಕೋರ್ಟು ಅರ್ಧಂಬರ್ಧ ನಡೆಯುತ್ತಿತ್ತು. ಎಪ್ಪತ್ತರ ಹತ್ತಿರದ ನಮ್ಮ ಸೀನಿಯರ್ ರಾತ್ರಿ ಹತ್ತಕ್ಕೆ ಫೋನು ಮಾಡಿ, "ಆ ಎಫ್‌ಡಿಪಿ ಫೈಲು ತೆಗೆದಿಡಮ್ಮ" ಎಂದರು, ಆ ಅಂತಿಮ ಡಿಕ್ರಿಯ ಅರ್ಜಿಯ ಫೈಲು. ದನಿ ನಡುಗುತ್ತಿತ್ತು. ಮೂರನೇ ಒಂದು ಭಾಗ: 48 ಗುಂಟೆ.

ಆದೇಶ ಆಯಿತು. ಕಂದಾಯ ಜಮೀನಾದ್ದರಿಂದ ಭಾಗ ಮಾಡಿಕೊಡುವುದು ಕೋರ್ಟಲ್ಲ, ಕಂದಾಯ ಇಲಾಖೆ. 2023ರ ಬೇಸಿಗೆಯಲ್ಲಿ ಸರ್ವೆಯರ್ ಅಳತೆಗೆ ಬಂದ ದಿನ ನಾವೂ ಹೋದೆವು. ಅವರು ಆಗಲೇ ಆಫೀಸು ನನಗೊಪ್ಪಿಸುವ ಮಾತಾಡುತ್ತಿದ್ದರು, ಕೋಲು ಹಿಡಿದಿದ್ದರು. ಉಳಿದ ಅಣ್ಣ ಒಂದು ಮರದ ಕೆಳಗೆ ದೂರ ಕೂತಿದ್ದ. ಸರ್ವೆಯರ್ ಪಡುವಣ ಬದಿಯಿಂದ 48 ಗುಂಟೆ ಗುರುತಿಸಿ ಗೂಟ ಹೊಡೆಸಿದ. ಆಕೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನಾನು ಆಕೆಯ ಕೈ ಹಿಡಿದುಕೊಂಡೆ. ಸೀನಿಯರ್ ಮಾತ್ರ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ರಸ್ತೆ ಇರುವುದು ಮೂಡಣಕ್ಕೆ. ಅಣ್ಣಂದಿರ ಎರಡೂ ಪಾಲು ದಾಟದೆ ಈಕೆ ತನ್ನ ಹೊಲಕ್ಕೆ ಕಾಲಿಡುವ ಹಾಗಿಲ್ಲ.

ಕೋಲೂರಿಕೊಂಡು ಆ ಅಣ್ಣ ಕೂತಿದ್ದ ಮರದ ತನಕ ನಡೆದುಹೋದರು. ಆತನ ಪಕ್ಕ ನೆಲದ ಮೇಲೆಯೇ ಕೂತರು. ಏನು ಮಾತಾಡಿದರೋ ನಮಗೆ ಕೇಳಿಸಲಿಲ್ಲ. ಒಂದು ಸಲ ಆತ ಜೋರಾಗಿ ಏನೋ ಅಂದ, ಒಂದು ಸಲ ಇಬ್ಬರೂ ಸುಮ್ಮನಾದರು. ಅರ್ಧ ಗಂಟೆಯ ಮೇಲೆ ಆತ ಎದ್ದು ಬಂದು, ತಂಗಿಯ ಮುಖ ನೋಡದೆ ಸರ್ವೆಯರ್‌ಗೆ ಹೇಳಿದ: "ತೆಂಕಣ ಬದುವಿನ ಗುಂಟ ಗಾಡಿ ಹೋಗೋ ಅಷ್ಟು ಬಿಡಿ ಸ್ವಾಮಿ. ನಮ್ಮಪ್ಪ ಎತ್ತು ಹೊಡ್ಕೊಂಡು ಹೋಗ್ತಿದ್ದದ್ದೂ ಅಲ್ಲೇ." ನಮ್ಮ ಸೀನಿಯರ್ ಹಿಂದೆಯೇ ಬಂದು ಅಗಲ ಎಷ್ಟು ಅಡಿ ಎಂದು ನಕ್ಷೆಯಲ್ಲಿ ಬರೆಸಿದರು, ಎಲ್ಲರ ರುಜು ಹಾಕಿಸಿದರು. ಆಮೇಲೆ ಆ ಬದುವಿನ ಮೇಲೆ ಕೋಲೂರುತ್ತಾ ಮುಂದೆ ಅವರು, ಹಿಂದೆ ಆಕೆ, ಆಕೆಯ ಹಿಂದೆ ನಾನು, ರಸ್ತೆಯ ತನಕ ನಡೆದು ಬಂದೆವು.